ಕಾಲು ಮುಟ್ಟುವಷ್ಟು ಆಳ

"ಅಜ್ಜಾರೇ, ಒಬ್ಬನಿಗಾಗಿ ನಿಯಮ ಬಗ್ಗಿಸಿದರೆ ಉಳಿದವರಿಗೆಲ್ಲ ಅನ್ಯಾಯ ಮಾಡಿದಂತೆ ಆಗುವುದಿಲ್ಲವೇ?"

ಕೇಳಿದವನು ಅಡವಯ್ಯ. ಮಠದ ದಾಸೋಹದ ಉಸ್ತುವಾರಿ ಅವನದು. ಮಠದ ಹಿರಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಮೊರ ಎತ್ತಿಕೊಂಡು ಎದ್ದರು, ಅಡವಯ್ಯನ ಬಲಮಗ್ಗುಲಿಗೆ ಬಂದು ಕುಳಿತರು.

"ಇದು ನಿನ್ನ ಮಾತೋ, ಅಡುಗೆಮನೆಯ ಮಾತೋ?"

"ಅಡುಗೆಮನೆಯದು. ಈಗ ನನ್ನದೂ ಹೌದು."

"ಯಾರ ವಿಷಯ?"

"ಮುರಿಗೆಪ್ಪನದು."

ಮುರಿಗೆಪ್ಪ ದಾಸೋಹಕ್ಕೆ ಹೊಸದಾಗಿ ಸೇರಿದ್ದ. ಆಳು ಒಳ್ಳೆಯವನು, ಕೆಲಸಗಳ್ಳನಲ್ಲ. ಆದರೆ ಮಾತಾಡಿಸಿದರೆ ಮುಖ ನೋಡುವುದಿಲ್ಲ. ಪಾತ್ರೆ ದಡಬಡ ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಹಿಂದಿನ ದಿನ ಪಂಕ್ತಿ ಕೂತಾಗ ಒಬ್ಬರು ಅನ್ನ ಎಂದರು, ಒಬ್ಬರು ಸಾರು ಎಂದರು, ಇನ್ನೊಬ್ಬರು ಹಿಂದಿನಿಂದ ನೀರು ಎಂದು ಕೂಗಿದರು. ಅವನು ಸಾರಿನ ಬಕೆಟ್ಟನ್ನು ಪಂಕ್ತಿಯ ನಡುವೆಯೇ ಇಟ್ಟು ಹೊರಟುಹೋದ. ಹುಡುಕಿದರೆ ಕಟ್ಟಿಗೆಯ ಒಟ್ಟಿಲಿನ ಹಿಂದೆ ಕುಳಿತಿದ್ದ. ಒಂದು ಕಡೆ ಸುಮ್ಮನೆ ಕಾಯಿಪಲ್ಯ ಹೆಚ್ಚಲು ಬಿಟ್ಟರೆ ಚೆನ್ನಾಗಿಯೇ ಮಾಡುತ್ತಾನೆ. ಹಾಗೆ ಬಿಟ್ಟರೆ ಉಳಿದವರು ಗೊಣಗುತ್ತಾರೆ.

"ಅವನನ್ನು ನಾಳೆ ಮನೆಗೆ ಕಳಿಸೋಣ ಎಂದುಕೊಂಡಿದ್ದೇನೆ" ಎಂದ ಅಡವಯ್ಯ. "ಮರ್ಯಾದೆಯಿಂದಲೇ ಕಳಿಸುತ್ತೇನೆ. ಅವನು ದಿನಾ ಮನೆಗೆ ಹೋಗಿ ತಾಯಿಗೆ, ಇವತ್ತೂ ನಾನು ಕೆಲಸ ಮಾಡಿದೆ ಎಂದು ಹೇಳುತ್ತಾನಂತೆ. ಅದನ್ನು ನೆನೆದರೆ ನನಗೂ ಕಳಿಸಲು ಮನಸ್ಸು ಬರುವುದಿಲ್ಲ. ಆದರೆ ನಿಯಮ ಎಲ್ಲರಿಗೂ ಒಂದೇ ಇರಬೇಕಲ್ಲ?"

"ಹೊರಗೆ ಹಾಕುವವನಿಗೆ ಮರ್ಯಾದೆಯ ಚಿಂತೆ ಯಾಕೋ? ತಗೋ. ಅರ್ಧ ಬೇಳೆ ನೀನು ಆರಿಸು" ಎಂದು ಅಜ್ಜಾರು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಯಜಮಾನನಿದ್ದ. ಸೀರೆ ನೇಯಿಸುವವನು. ಉದ್ದನೆಯ ಒಂದು ಪಡಸಾಲೆ, ಅದರಲ್ಲಿ ಸಾಲಾಗಿ ಕುಣಿಮಗ್ಗಗಳು. ಕುಣಿಮಗ್ಗ ನೀನು ನೋಡಿದ್ದೀಯ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಯುವವರು ಅದರ ಅಂಚಿಗೆ ಕುಳಿತು ಕಾಲು ಕೆಳಗೆ ಬಿಡುತ್ತಾರೆ. ತಳದಲ್ಲಿ ತುಳಿಯುವ ಹಲಗೆಗಳು ಹಗ್ಗಕ್ಕೆ ತೂಗಿರುತ್ತವೆ. ಹಲಗೆ ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಅದರ ನಡುವೆ ಲಾಳಿ ಓಡುತ್ತದೆ. ಕಾಲು ಹಲಗೆಗೆ ಮುಟ್ಟದಿದ್ದರೆ ನೇಯ್ಗೆಯೇ ಇಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸಬರು ಕೆಲಸಕ್ಕೆ ಬಂದರೆ ಯಜಮಾನ ಅವರ ಕೈಗೆ ಒಂದೆಳೆ ನೂಲು ಕೊಡುತ್ತಿದ್ದ. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆದು ಗಂಟು ಹಾಕಿ ಕೊಡಿ ಎನ್ನುತ್ತಿದ್ದ. ಆ ನೂಲು ಹಿಡಿದು, ತಾನೇ ಸಲಿಕೆ ಎತ್ತಿ, ಗಂಟಿನ ಅಳತೆಗೆ ಕುಣಿ ತೋಡುತ್ತಿದ್ದ. ಅವರು ಕೆಲಸ ಬಿಟ್ಟುಹೋದರೆ ಮಣ್ಣು ಹಾಕಿ ಮುಚ್ಚುತ್ತಿದ್ದ. ಒಬ್ಬರ ಕಾಲಿನ ಕುಣಿ ಇನ್ನೊಬ್ಬರಿಗೆ ಒಗ್ಗುವುದಿಲ್ಲ ಎಂಬುದು ಆ ಮನೆಯಲ್ಲಿ ಯಾರೂ ಪ್ರಶ್ನೆ ಮಾಡದ ವಿಷಯ.

ಅಲ್ಲಿಗೆ ಒಬ್ಬ ಹೆಣ್ಣುಮಗಳು ಕೆಲಸ ಕೇಳಿಕೊಂಡು ಬಂದಳು. ಯಜಮಾನನಿಗೆ ನನ್ನ ಕತೆಯಲ್ಲಿ ಹೆಸರು ಬೇಡ, ಯಜಮಾನ ಎಂದರೆ ಸಾಕು. ಆದರೆ ಈ ಹೆಣ್ಣುಮಗಳಿಗೆ ಜನ ಬೇಡದ ಹೆಸರುಗಳನ್ನು ಬಹಳ ಇಟ್ಟಿದ್ದರು. ಅದಕ್ಕೇ ಅವಳ ಸ್ವಂತ ಹೆಸರು ಹೇಳಿ ಮುಂದೆ ಹೋಗುತ್ತೇನೆ. ನಿಂಬೆವ್ವ.

ನಿಂಬೆವ್ವ ಎತ್ತರದ ಆಳು. ಅವಳು ಕೊಟ್ಟ ನೂಲಿನ ಗಂಟು ನೋಡಿ ಯಜಮಾನ, ಇವತ್ತು ನನ್ನ ಸೊಂಟ ಮುರಿಯಿತು ಎಂದು ನಕ್ಕ. ನಕ್ಕುಕೊಂಡೇ ತೋಡಿದ. ಪಡಸಾಲೆಯ ನಡುವೆ ಅವಳ ಮಗ್ಗ ಹೂಡಿಕೊಟ್ಟ. ಅವಳು ಎಲ್ಲರ ಹಾಗೆ ನೇಯುತ್ತಿದ್ದಳು. ಕೊನೆಗೆ ಅವಳು ಎಲ್ಲರನ್ನೂ ಮೀರಿಸುವ ಸೀರೆ ನೇಯ್ದಳು ಎಂದು ನಾನು ಹೇಳುತ್ತೇನೆಂದು ನೀನು ಕಾಯುತ್ತಿದ್ದರೆ, ಹೇಳುವುದಿಲ್ಲ. ಅವಳ ಸೀರೆ ಉಳಿದವರ ಸೀರೆಯಂತೆಯೇ ಇತ್ತು.

ಅದಕ್ಕೂ ಮೊದಲು ಅವಳಿಗೆ ಎಲ್ಲಿಯೂ ಕೆಲಸ ನಿಂತಿರಲಿಲ್ಲ. ಹೊಲಕ್ಕೆ ಹೋದಳು, ಅವಳು ಯಾರೊಂದಿಗೂ ಬೆರೆಯುವುದಿಲ್ಲ ಎಂದರು. ಒಬ್ಬರ ಮನೆಯ ಕೆಲಸಕ್ಕೆ ಹೋದಳು, ಹೇಳಿದ್ದರಲ್ಲಿ ಒಂದು ಮಾಡಿ ಎರಡು ಬಿಡುತ್ತಾಳೆ ಎಂದರು. ಎಲ್ಲರೂ ಒಳ್ಳೆಯ ಮಾತಾಡಿಯೇ ಕಳಿಸಿದ್ದರು, ನಿನ್ನ ಹಾಗೆ. ಮಗ್ಗದ ಮುಂದೆ ಕುಳಿತಾಗ ಮಾತ್ರ ಅವಳ ಮುಖದ ಬಿಗಿ ಸಡಿಲವಾಗುತ್ತಿತ್ತು. ಆ ಕೆಲಸ ಅವಳಿಗೆ ಬೇಕಾಗಿತ್ತು ಅಡವಯ್ಯ. ಊಟಕ್ಕೂ ಬೇಕಾಗಿತ್ತು, ಊಟಕ್ಕಿಂತ ಹೆಚ್ಚಾಗಿಯೂ ಬೇಕಾಗಿತ್ತು.

ಯಜಮಾನನಿಗೆ ಒಂದು ಚಟ. ಹೊಸ್ತಿಲಲ್ಲಿ ನಿಂತು ಎಲ್ಲರಿಗೂ ಎಲ್ಲವನ್ನೂ ಒಂದೇ ಉಸಿರಿಗೆ ಕೂಗಿ ಹೇಳುವುದು. ಒಂದು ದಿನ ಹಾಗೆಯೇ ಕೂಗಿದ. ದಡಿಯ ಬಣ್ಣ ಬದಲಿಸು, ಸೆರಗು ಮೊದಲು ಮುಗಿಸು, ಉಳಿದ ಕೆಂಪು ನೂಲು ಪಕ್ಕದವಳಿಗೆ ಕೊಡು ಎಂದ. ಮಗ್ಗಗಳ ಸದ್ದಿನಲ್ಲಿ ನಿಂಬೆವ್ವನಿಗೆ ದಡಿ ಎಂಬಷ್ಟೇ ಉಳಿಯಿತು. ಅವಳು ಲಾಳಿ ಹಿಡಿದುಕೊಂಡು ಹಾಗೇ ಕುಳಿತಳು. ಯಜಮಾನನಿಗೆ ಸಿಟ್ಟು ಬಂತು. ಹಿಂದಿನಿಂದ ಹೋಗಿ ಮಗ್ಗದ ಕಂಬಕ್ಕೆ ಜೋರಾಗಿ ಬಡಿದ. ಅವಳು ಬೆಚ್ಚಿ ಕುಣಿಯಿಂದ ಜಿಗಿದಳು. ಹಾಸಿನ ಎಳೆಗಳು ಕಿತ್ತು ಕೈಗೆ ಬಂದವು. ಮದುವೆಯ ಸೀರೆ, ಅರ್ಧಕ್ಕೆ ಹಾಳಾಯಿತು. ಅವಳು ನೂಲಿನ ಕೋಣೆಗೆ ಓಡಿ, ಮೂಟೆಗಳ ನಡುವೆ ಕುಳಿತು, ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗತೊಡಗಿದಳು.

ಆ ಪಡಸಾಲೆಗೆ ಹಿರಿಯಳು ಬಾಳಕ್ಕ. ಗಿಡ್ಡ ಆಳು, ಬಾಯಿ ಮಾತ್ರ ದೊಡ್ಡದು. ಕೆಟ್ಟವಳಲ್ಲ. ಅವಳು ಎಲ್ಲರಿಗೂ ಕೇಳುವಂತೆ, "ಕರದ್ರ ಹಿಂಗ ಜಿಗದ್ರ ಹ್ಯಾಂಗವ್ವ? ನಾವೇನ್ ಇಲ್ಲಿ ಹುಲಿ ಕಟ್ಟೇವೇನ?" ಎಂದಳು. ಎಲ್ಲರೂ ನಕ್ಕರು.

ಸಂಜೆ ಯಜಮಾನ ನಿಂಬೆವ್ವನನ್ನು ಬಾಗಿಲ ಹತ್ತಿರ ಕರೆದು, "ನಾಳೆ ಬರಬ್ಯಾಡವ್ವ" ಎಂದ.

ಅವಳು ಗೋಡೆಯನ್ನು ನೋಡುತ್ತ ಕೇಳಿದಳು, "ನಾಳೆ ಬ್ಯಾಡಂದ್ರ, ನಾಡದು ಬರ್ಲೇನ್ರಿ?"

ಕೊಂಕಿನ ಮಾತಲ್ಲ ಅದು. ಅವಳಿಗೆ ಕೊಂಕು ಬರುತ್ತಿರಲಿಲ್ಲ. ನಾಳೆ ಬೇಡ ಎಂದರೆ ನಾಡಿದ್ದು ಬೇಕಿರಬಹುದು ಎಂದೇ ಅವಳು ತಿಳಿದದ್ದು. ಯಜಮಾನ ಬೆನ್ನು ತಿರುಗಿಸಿದ. ಒಳಗೆ ಹೋಗಿಬಿಟ್ಟ.

ಇಲ್ಲಿ ಅಜ್ಜಾರು ಕತೆ ನಿಲ್ಲಿಸಿದರು. ಅಡುಗೆಮನೆಯಿಂದ ಒಬ್ಬ ಹೆಂಗಸು ಬಂದಿದ್ದಳು. ಅವಳು ಇಬ್ಬರನ್ನೂ ಸುತ್ತಿ ಬಳಸಿಕೊಂಡು ಬಂದು, ಅಡವಯ್ಯನ ಬಲಕ್ಕೆ ಬಾಗಿ, ಒಲೆ ಹೊತ್ತಿಸಬೇಕೇ ಎಂದು ಕೇಳಿದಳು. ಅಡವಯ್ಯ ಹೂಂ ಎಂದ. ಅವಳು ಹೋದ ಮೇಲೆ ಅಜ್ಜಾರು ಮುಂದುವರಿಸಿದರು.

ಮರುದಿನ ಯಜಮಾನ ಪದ್ಧತಿಯಂತೆ ಅವಳ ಕುಣಿ ಮುಚ್ಚಲು ಮಣ್ಣಿನ ಬುಟ್ಟಿ ತಂದ. ಅವಳ ಅಳತೆಯ ನೂಲು ಇನ್ನೂ ಮಗ್ಗದ ಕಂಬಕ್ಕೆ ಕಟ್ಟಿದ್ದು ಹಾಗೇ ಇತ್ತು. ಅದನ್ನು ಬಿಚ್ಚಿ ಎಸೆಯಬೇಕೆಂದುಕೊಂಡವನು ಸುಮ್ಮನೆ ಒಂದು ಗಳಿಗೆ ಅವಳ ಜಾಗದಲ್ಲಿ ಕುಳಿತ. ಅವನ ಕಾಲು ಹಲಗೆಗೆ ಮುಟ್ಟಲಿಲ್ಲ, ಗಾಳಿಯಲ್ಲಿ ತೂಗಾಡಿದವು. ಎರಡೂ ಪಕ್ಕದಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಹಿಂದೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಒಂದೂ ಕಾಣುತ್ತಿರಲಿಲ್ಲ. ಅವನಿಗೆ ಆಗ ಒಂದು ಮಾತು ಹೊಳೆಯಿತು. ಇವಳ ಕಾಲನ್ನು ಮಾತ್ರ ಅಳೆದೆ, ಮತ್ತೇನನ್ನೂ ಕೇಳಲಿಲ್ಲ.

ಅವನು ಮಣ್ಣಿನ ಬುಟ್ಟಿ ಅಲ್ಲೇ ಬಿಟ್ಟು ಅವಳ ಮನೆಗೆ ಹೋದ. ಹೋಗಿ ಕೇಳಿದ್ದು ಇಷ್ಟೇ: "ನಿನಗ ಏನ್ ತ್ರಾಸ ಆಗತೈತಿ, ಹೇಳವ್ವ."

ಅದನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಆದರೂ ಉತ್ತರ ಸಿದ್ಧವಾಗಿತ್ತು, ಯಾವಾಗಿನಿಂದಲೋ ಬಾಯಲ್ಲೇ ಇಟ್ಟುಕೊಂಡವಳ ಹಾಗೆ ಹೇಳಿದಳು. "ಹಿಂದಿಂದ ಕರೀಬ್ಯಾಡ್ರಿ, ಮುಂದ ಬಂದು ನಿಂದರ್ರಿ. ಒಂದ್ ಮಾತು ಮುಗದಮ್ಯಾಲ ಇನ್ನೊಂದ್ ಹೇಳ್ರಿ. ಬಣ್ಣ ಆಗ್ಲಿ ಏನಾಗ್ಲಿ, ಬದ್ಲಿ ಮಾಡೂದಿದ್ರ ಹಿಂದಿನ ದಿನಾನ ಹೇಳ್ರಿ. ಕಿವ್ಯಾಗ ಸದ್ದು ತುಂಬಿದ್ರ ನೂಲಿನ ಖೋಲ್ಯಾಗ ಒಂದೀಟು ಕುಂತು ಬರ್ತೀನಿ. ಓಡಿಹೋಗೂದಿಲ್ಲ."

ಯಜಮಾನನಿಗೆ ನಾಚಿಕೆಯಾಯಿತು. ಅವಳು ಕೇಳಿದ್ದು ಅಷ್ಟು ಸಣ್ಣದು. ಅವನು ಪಡಸಾಲೆಯ ತುದಿಯಲ್ಲಿ, ಗೋಡೆಗೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಮಾಡಿ, ಅವಳಿಗೆ ಹೊಸ ಕುಣಿ ತೋಡಿದ. ನಾಳೆ ಯಾವ ಬಣ್ಣವೋ ಆ ಬಣ್ಣದ ಒಂದು ತುಂಡು ನೂಲನ್ನು ಸಂಜೆಯೇ ಅವಳ ಮಗ್ಗಕ್ಕೆ ಕಟ್ಟಿ ಹೋಗುತ್ತಿದ್ದ. ಹಾಗೆಂದು ಎಲ್ಲ ಸರಿಹೋಯಿತೆಂದಲ್ಲ. ಕೆಲವು ದಿನ ಅವಳು ನೂಲಿನ ಕೋಣೆಗೆ ಹೋದರೆ ಬರುವುದು ತಡವಾಗುತ್ತಿತ್ತು. ಕೆಲವು ದಿನ ಯಜಮಾನನೇ ಮರೆತು ಹೊಸ್ತಿಲಿನಿಂದ ಕೂಗಿ, ಆಮೇಲೆ ನಾಲಿಗೆ ಕಚ್ಚಿಕೊಂಡು, ಅವಳ ಮುಂದೆ ಹೋಗಿ ನಿಂತು ಮತ್ತೊಮ್ಮೆ ಹೇಳುತ್ತಿದ್ದ. ಆದರೆ ಸೀರೆ ನೇಯ್ದು ಮುಗಿಯುತ್ತಿದ್ದವು. ಎಳೆ ಕಿತ್ತದ್ದು ಮತ್ತೆ ನಡೆಯಲಿಲ್ಲ.

ಇನ್ನು ನಿನ್ನ ಪ್ರಶ್ನೆ ಬರುತ್ತದೆ, ಕೇಳು.

ಬಾಳಕ್ಕ ನಾಲ್ಕು ಜನರನ್ನು ಕಟ್ಟಿಕೊಂಡು ಯಜಮಾನನ ಮುಂದೆ ಬಂದಳು. "ಆಕೀಗೊಂದು ನ್ಯಾಯ, ನಮಗೊಂದು ನ್ಯಾಯ ಏನ್ರಿ? ಬಾಗಲದ ಗಾಳಿ ಬೆಳಕು ಆಕೀಗೆ. ನಡುವ ಎದ್ದು ಹೋಗೂದು ಆಕಿ. ನೀವು ಆಕಿ ಮುಂದ ಹೋಗಿ ನಿಂತು ಮಾತಾಡ್ತೀರಿ, ನಮಗ ಹೊಸ್ತಿಲದಾಗಿಂದ ಒದರ್ತೀರಿ. ಆ ಜಾಗಾ ನನಗ ಕೊಡ್ರಿ. ಇಲ್ಲಾಂದ್ರ ನಾವ್ಯಾರೂ ಕುಂಡ್ರೂದಿಲ್ಲ."

ಯಜಮಾನ ಕೆಟ್ಟವನಲ್ಲ, ಆದರೆ ಧೈರ್ಯವಂತ ಎಂದು ನಾನು ಎಲ್ಲಿಯೂ ಹೇಳಲಿಲ್ಲ. ಮದುವೆಯ ಕಾಲ, ಎಲ್ಲ ಮಗ್ಗ ನಿಂತರೆ ಮನೆ ಮುಳುಗುತ್ತದೆ ಎಂದು ಹೆದರಿದ. ಆಗಲಿ ಎಂದುಬಿಟ್ಟ. ಅದನ್ನು ನಿಂಬೆವ್ವನಿಗೆ ಹಿಂದಿನ ದಿನವೇ ಹೇಳಬೇಕಾಗಿತ್ತು. ಬದಲಾವಣೆ ಏನಿದ್ದರೂ ಮೊದಲೇ ಹೇಳಿ ಎಂದು ಅವಳು ಕೇಳಿಕೊಂಡಿದ್ದಳು. ಮುಖ ತೋರಿಸಲಾರದೆ ಅವನು ಅದನ್ನೂ ಹೇಳಲಿಲ್ಲ.

ಬೆಳಿಗ್ಗೆ ನಿಂಬೆವ್ವ ಬಂದಳು. ಅವಳ ಜಾಗದಲ್ಲಿ ಬಾಳಕ್ಕ ಕುಳಿತಿದ್ದಳು.

ಪಡಸಾಲೆಯಲ್ಲಿ ಎಲ್ಲ ಮಗ್ಗಗಳೂ ನಿಂತವು. ಈಗ ಇವಳು ಕೂಗುತ್ತಾಳೆ, ಇಲ್ಲವೇ ಕಿವಿ ಮುಚ್ಚಿಕೊಂಡು ಓಡುತ್ತಾಳೆ ಎಂದು ಎಲ್ಲರೂ ಕಾದರು. ಯಜಮಾನ ಒಳಗಿನ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ. ನಿಂಬೆವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಬಾಳಕ್ಕನಿಗೆ ಅಷ್ಟರಲ್ಲಿ ಬೇರೆಯೇ ಫಜೀತಿ. ಉದ್ದ ಕಾಲಿಗೆಂದು ತೋಡಿದ ಕುಣಿ. ಅವಳ ಕಾಲು ತಳಕ್ಕೆ ಮುಟ್ಟುತ್ತಿರಲಿಲ್ಲ. ಹೆಬ್ಬೆರಳು ಚಾಚಿದರೂ ಹಲಗೆ ಸಿಗುತ್ತಿರಲಿಲ್ಲ. ಜಗಳ ಮಾಡಿ ತೆಗೆದುಕೊಂಡ ಜಾಗ, ಒಗ್ಗುವುದಿಲ್ಲ ಎಂದು ಹೇಗೆ ಹೇಳುವುದು? ಲಾಳಿ ಹಿಡಿದುಕೊಂಡು ಸುಮ್ಮನೆ ಅಲ್ಲಿ ಇಲ್ಲಿ ನೋಡುತ್ತಿದ್ದಳು.

ನಿಂಬೆವ್ವ ಜನರ ಮುಖ ನೋಡುವವಳಲ್ಲ. ಅದಕ್ಕೇ ಅವಳ ಕಣ್ಣು ನೇರವಾಗಿ ಕುಣಿಯೊಳಗೆ ಹೋಯಿತು. ಅಲ್ಲಿ ಎರಡು ಕಾಲು ತೂಗಾಡುತ್ತಿದ್ದವು.

ಅವಳು ಮಾತಿಲ್ಲದೆ ಹೋಗಿ ಕುಣಿಯ ಪಕ್ಕ ಮೊಣಕಾಲೂರಿದಳು. ಒಳಗೆ ಬಾಗಿ ಹಲಗೆಯ ಹಗ್ಗದ ಗಂಟು ಬಿಚ್ಚಿದಳು. ಹಗ್ಗವನ್ನು ಗಿಡ್ಡ ಮಾಡಿ, ಹಲಗೆಯನ್ನು ಮೇಲೆತ್ತಿ ಕಟ್ಟಿದಳು. ಬಾಳಕ್ಕನ ಹಿಮ್ಮಡಿ ಹಿಡಿದು ಹಲಗೆಯ ಮೇಲೆ ಇಟ್ಟಳು. ಇನ್ನೊಂದು ಹಲಗೆಗೂ ಹಾಗೇ ಮಾಡಿದಳು.

"ಈಗ ಮುಟ್ಟತಾವೇನ್ರಿ?" ಎಂದಳು.

ಅವಳಿಗೆ ಅದು ಉಪಕಾರ ಎಂದು ಗೊತ್ತಿರಲಿಲ್ಲ ಅಡವಯ್ಯ. ಸೇಡೂ ಅಲ್ಲ, ಪಾಠವೂ ಅಲ್ಲ, ದೊಡ್ಡ ಮನಸ್ಸೂ ಅಲ್ಲ. ಕಾಲು ಮುಟ್ಟದಿದ್ದರೆ ಹಗ್ಗ ಗಿಡ್ಡ ಮಾಡಬೇಕು, ಅಷ್ಟೆ. ಅದರಲ್ಲಿ ನ್ಯಾಯ ಅನ್ಯಾಯ ಏನು ಬಂತು ಎಂದು ಕೇಳಿದ್ದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

"ಮುಟ್ಟತಾವ" ಎಂದಳು ಬಾಳಕ್ಕ. ಅವಳ ದೊಡ್ಡ ಬಾಯಿಂದ ಅಷ್ಟು ಸಣ್ಣ ದನಿ ಆ ಪಡಸಾಲೆಯಲ್ಲಿ ಯಾರೂ ಕೇಳಿರಲಿಲ್ಲ.

ನಿಂಬೆವ್ವ ಎದ್ದು ನಿಂತಳು. ಕೈಯ ಧೂಳು ಒರೆಸಿಕೊಂಡಳು. ಆಮೇಲೆ ಯಾರನ್ನೂ ನೋಡದೆ ಕೇಳಿದಳು, "ನನ್ನ ಕುಣಿ ಎಲ್ಲೈತ್ರಿ?"

ಬಾಗಿಲ ಮರೆಯಲ್ಲಿದ್ದ ಯಜಮಾನನಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಅವನು ಹೊರಗೆ ಬರುವಷ್ಟರಲ್ಲಿ ಬಾಳಕ್ಕ ಅಂಚಿಗೆ ಕೈಯೂರಿ ಮೇಲೆ ಹತ್ತಿ ಬಂದಿದ್ದಳು. ಅವಳ ಕಣ್ಣು ತುಂಬಿತ್ತು. "ಇದ ನಿಂದವ್ವ. ನಾ ಸುಮ್ನ ಕುಂತಿದ್ದೆ" ಎಂದಳು.

ನಿಂಬೆವ್ವ ಆ ಮಾತನ್ನು ಹಾಗೇ ನಂಬಿದಳು. ಹಗ್ಗ ಬಿಚ್ಚಿ, ಮತ್ತೆ ತನ್ನ ಕಾಲಿಗೆ ಉದ್ದ ಮಾಡಿ ಕಟ್ಟಿಕೊಂಡು, ನೇಯಲು ಕುಳಿತಳು.

ಬಾಳಕ್ಕ ತನ್ನ ಜಾಗಕ್ಕೆ ಹೋದಳು. ಕುಳಿತು ಕಾಲು ಬಿಟ್ಟರೆ ಹಲಗೆ ತಾನಾಗಿ ಪಾದಕ್ಕೆ ಸಿಕ್ಕಿತು. ಎಷ್ಟೋ ವರ್ಷದಿಂದ ಹಾಗೆ ಸಿಗುತ್ತಿತ್ತು. ಅವಳ ಗಿಡ್ಡ ಕಾಲಿಗಾಗಿ ಯಜಮಾನ ಅದನ್ನು ಬೇರೆಯಾಗಿ ತೋಡಿದ್ದ. ದಿನಾ ಸಿಗುವುದಕ್ಕೆ ನಾವು ನ್ಯಾಯ ಎಂದು ಹೆಸರಿಡುತ್ತೇವೆ, ಅದು ಮೊದಲು ಯಾರದೋ ಸಲಿಕೆಯಿಂದ ಬಂದದ್ದು ಎಂಬುದು ನೆನಪಿರುವುದಿಲ್ಲ. ಅವತ್ತು ಬಾಳಕ್ಕ ಬಹಳ ಹೊತ್ತು ಲಾಳಿ ಎಸೆಯಲಿಲ್ಲ.

ಅಂದಿನಿಂದ ಹೊಸಬರು ಯಾರಾದರೂ ನಿಂಬೆವ್ವನನ್ನು ಹಿಂದಿನಿಂದ ಕರೆದರೆ, ಯಜಮಾನನಿಗಿಂತ ಮೊದಲು ಬಾಳಕ್ಕನೇ, "ಮುಂದ ಹೋಗಿ ಮಾತಾಡ್ರೆವ್ವ, ನಿಮ್ಮ ಕಾಲೇನ್ ಸವೆಯೂದಿಲ್ಲ" ಎಂದು ಗದರುತ್ತಿದ್ದಳು. ಯಜಮಾನ ಹೊಸಬರ ಕೈಗೆ ನೂಲು ಕೊಡುವ ಪದ್ಧತಿ ಬಿಡಲಿಲ್ಲ. ಗಂಟು ಹಾಕಿಸಿಕೊಂಡ ಮೇಲೆ, ಇನ್ನೇನಾದರೂ ಅಳೀಬೇಕೇನವ್ವ ಎಂದು ಕೇಳುವುದನ್ನೂ ಅದಕ್ಕೆ ಸೇರಿಸಿಕೊಂಡ.

ಕತೆ ಮುಗಿಯಿತು. ಅಜ್ಜಾರು ಮೊರವನ್ನು ಒಮ್ಮೆ ಕೇರಿದರು, ಹೊಟ್ಟು ಹಾರಿತು. ಕಟ್ಟಿಗೆಯ ಒಟ್ಟಿಲಿನ ಆಚೆ ಮುರಿಗೆಪ್ಪ ಒಬ್ಬನೇ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದ. ನಾಳೆಯ ವಿಷಯ ಅವನಿಗೆ ಗೊತ್ತಿರಲಿಲ್ಲ.

ಅಡವಯ್ಯ ಅವನನ್ನು ನೋಡಿದ. ಮನಸ್ಸು ಕರಗಿತ್ತು, ಆದರೂ ಉಸ್ತುವಾರಿಯ ಅಭ್ಯಾಸ ಬಿಡಲಿಲ್ಲ.

"ಕತೆ ಚೆನ್ನಾಗಿದೆ ಅಜ್ಜಾರೇ. ಆದರೆ ಅದು ನೇಯ್ಗೆಯ ಮನೆ. ನಮ್ಮ ಮಠದಲ್ಲಿ ಇಷ್ಟು ಜನ ಇದ್ದಾರೆ. ಒಬ್ಬನ ಅನುಕೂಲಕ್ಕಾಗಿ ಎಲ್ಲರೂ ತಮ್ಮ ರೂಢಿ ಬದಲಿಸಿಕೊಳ್ಳುವುದು ಇಲ್ಲಿ ಎಂದಾದರೂ ನಡೆದದ್ದು ಉಂಟೇ?"

ಅಜ್ಜಾರು ಮೊರ ಕೆಳಗಿಟ್ಟರು. ಅವನ ಬಲಗಿವಿಯ ಹತ್ತಿರಕ್ಕೆ ಬಾಗಿ, ಮೆಲ್ಲನೆ ಹೇಳಿದರು.

"ನಿನ್ನ ಎಡಗಿವಿ ಕೇಳುವುದಿಲ್ಲವೆಂದು ಈ ಮಠದವರೆಲ್ಲ ಇಷ್ಟು ವರ್ಷ ಸುತ್ತಿ ಬಳಸಿ ನಿನ್ನ ಬಲಕ್ಕೇ ಬಂದು ಮಾತಾಡುತ್ತಿದ್ದಾರಲ್ಲ ಅಡವಯ್ಯ, ಅದು ಅನ್ಯಾಯವೆಂದು ಯಾರಾದರೂ ನಿನ್ನ ಹತ್ತಿರ ಹೇಳಿದರೇ?"

ಅಡವಯ್ಯ ಆರಿಸುತ್ತಿದ್ದ ಬೇಳೆ ಅವನ ಕೈಯಲ್ಲೇ ಉಳಿಯಿತು.